ಸಣ್ಣ ಟ್ರ್ಯಾಕ್ಟರಿನ ಕೆಂಪು ದೀಪ: ಎಂಜಿನ್ ಬಿಚ್ಚಿಸುವ ಮೊದಲು

ಮುಂಗಾರಿಗೆ ಮೊದಲಿನ ಬೋರ್ಡೋ ಸಿಂಪಡಣೆಯ ದಿನಗಳಲ್ಲಿ ನಮ್ಮ ಸಣ್ಣ ಟ್ರ್ಯಾಕ್ಟರುಗಳು ತೋಟದ ಅಂಚಿನಲ್ಲಿ ನಿಂತಲ್ಲೇ ನಿಂತು ಗಂಟೆಗಟ್ಟಲೆ ಪಂಪು ಓಡಿಸುತ್ತವೆ. ಎಲ್ಲರ ಕಣ್ಣೂ ಮೇಲೆ ಅಡಿಕೆ ಗೊನೆಯ ಕಡೆಗೆ. ಸೀಟಿನಲ್ಲಿ ಯಾರೂ ಇಲ್ಲ. ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿಕೊಂಡರೂ ನೋಡುವವರಿಲ್ಲ. ಒತ್ತಡವೇ ಇಲ್ಲದೆ ಓಡುವ ಎಂಜಿನ್ ಹಿಡಿದುಕೊಳ್ಳಲು ಕೆಲವೇ ನಿಮಿಷ ಸಾಕು. ಆ ಹೊತ್ತಿನಲ್ಲಿ ಗಾಡಿ ಮೂಲೆಗೆ ಬಿದ್ದರೆ ಹೋಗುವುದು ರಿಪೇರಿಯ ಹಣ ಮಾತ್ರವಲ್ಲ. ಮಳೆ ಹಿಡಿದು ಕೊಳೆರೋಗ ಬಂದರೆ ವರ್ಷದ ಫಸಲಿಗೇ ಕುತ್ತು.

ಹೀಗೆಂದು ದೀಪ ಕಂಡೊಡನೆ ಎಂಜಿನ್ ಬಿಚ್ಚಿಸಲು ಓಡುವುದೂ ತಪ್ಪು. ನಮ್ಮ ಸದಸ್ಯರೊಬ್ಬರ ಗಾಡಿಯಲ್ಲಿ ಬಿಸಿಯಾದ ಮೇಲೆ ದೀಪ ಮಿಣುಕಲು ಶುರುವಾಯಿತು. ನೋಡಿದವರೆಲ್ಲ ಬೇರಿಂಗ್ ಹೋಗಿದೆ, ಕ್ರ್ಯಾಂಕ್ ಗ್ರೈಂಡಿಂಗ್ ಆಗಬೇಕು ಎಂದರು. ಮಗ ಬೆಂಗಳೂರಿನ ಬನಶಂಕರಿಯಲ್ಲಿ ಇರುವುದರಿಂದ ಎಂಜಿನ್ ಇಳಿಸಿ ಅಲ್ಲಿಗೇ ಸಾಗಿಸುವುದೆಂದು ಪಿಕಪ್ ಗೊತ್ತು ಮಾಡುವವರೆಗೂ ಮಾತು ಹೋಗಿತ್ತು. ಅಷ್ಟರಲ್ಲಿ ಮಗ ಮನೆಯ ಹತ್ತಿರದ ಹಳೆಯ ಡೀಸೆಲ್ ಮೇಸ್ತ್ರಿಯೊಬ್ಬರನ್ನು ವಿಚಾರಿಸಿದ. ಅವರು ಕೇಳಿದ್ದು ಒಂದೇ: "ಗೇಜ್ ಹಾಕಿ ನೋಡಿದೀರಾ ಸಾರ್?" ಯಾರೂ ನೋಡಿರಲಿಲ್ಲ. ಹಾಕಿ ನೋಡಿದರೆ ಒತ್ತಡ ಸರಿಯಾಗಿಯೇ ಇತ್ತು. ಕೆಟ್ಟಿದ್ದು ಎಂಜಿನ್ ಪಕ್ಕದ ಪುಟ್ಟ ಆಯಿಲ್ ಸ್ವಿಚ್ಚು.

ಆದ್ದರಿಂದ ಸದಸ್ಯರು ಅನುಸರಿಸಬೇಕಾದ ಕ್ರಮ ಹೀಗಿದೆ. ದೀಪ ಹೊತ್ತಿದ ಕೂಡಲೇ ಎಂಜಿನ್ ನಿಲ್ಲಿಸಬೇಕು. 'ಈ ಬ್ಯಾರೆಲ್ ಒಂದು ಮುಗಿಸಿಬಿಡೋಣ' ಎನ್ನಬಾರದು. ಸಾಮಾನ್ಯವಾಗಿ ಒತ್ತಡ ಅರ್ಧ ಕಿಲೋಗಿಂತ ಕೆಳಗೆ ಇಳಿದ ಮೇಲೆಯೇ ಈ ದೀಪ ಹೊತ್ತುವುದು; ಅದು ಮುನ್ಸೂಚನೆಯಲ್ಲ, ಕಡೆಯ ಕರೆ. (ಇಲ್ಲಿ ಕಿಲೋ ಎಂದರೆ ಚದರ ಸೆಂಟಿಮೀಟರಿಗೆ ಎಂದು ತಿಳಿಯುವುದು.)

ಗಾಡಿಯನ್ನು ಸಮತಟ್ಟಾದ ಜಾಗಕ್ಕೆ ತಳ್ಳಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ತೆಗೆದು ನೋಡಿರಿ. ಕಾಫಿ ತೋಟದ ಇಳಿಜಾರಿನಲ್ಲಿ ಗಾಡಿ ವಾಲಿ ನಿಂತಾಗ ಆಯಿಲ್ ಒಂದು ಬದಿಗೆ ಸರಿಯುತ್ತದೆ. ಮೊದಲೇ ಕಡಿಮೆಯಿದ್ದರೆ ಪಂಪು ಆಯಿಲ್ ಬದಲು ಗಾಳಿ ಎಳೆಯುತ್ತದೆ. ಬಯಲಿನಲ್ಲಿ ಆರುವ ದೀಪ ಇಳಿಜಾರಿನಲ್ಲಿ ಹೊತ್ತುವುದಕ್ಕೆ ಎಷ್ಟೋ ವೇಳೆ ಇದೇ ಕಾರಣ.

ಮಟ್ಟ ನೋಡಿದರೆ ಸಾಲದು, ಮೂಸಿಯೂ ನೋಡಬೇಕು. ಡೀಸೆಲ್ ವಾಸನೆಯಿದ್ದು, ಹಾಕದೆಯೇ ಆಯಿಲ್ ಏರಿದ್ದರೆ ಫೀಡ್ ಪಂಪಿನಿಂದಲೋ ಇಂಜೆಕ್ಟರಿನಿಂದಲೋ ಡೀಸೆಲ್ ಒಳಗೆ ಇಳಿಯುತ್ತಿದೆ. ಹಾಲು ಬೆರೆತ ಕಾಫಿಯ ಬಣ್ಣವಾದರೆ ನೀರು ಸೇರಿದೆ. ಇವೆರಡರಲ್ಲಿ ಯಾವುದಾದರೂ ಸರಿ, ಕಾರಣ ಸರಿಪಡಿಸದೆ ಮತ್ತೆ ಸ್ಟಾರ್ಟ್ ಮಾಡಕೂಡದು.

ಆಯಿಲ್ ಚೆನ್ನಾಗಿದ್ದರೆ ವೈರು ನೋಡುವುದು. ಎಂಜಿನ್ ನಿಂತಿರಲಿ, ಕೀ ಮಾತ್ರ ತಿರುಗಿಸಿ ದೀಪ ಹೊತ್ತಿಸಿ. ಸ್ವಿಚ್ಚಿನ ವೈರು ಕಳಚಿದಾಗ ದೀಪ ಆರಬೇಕು. ಆರದಿದ್ದರೆ ವೈರು ಎಲ್ಲೋ ಸವೆದು ಬಾಡಿಗೆ ತಗಲುತ್ತಿದೆ. ಆರಿದರೆ ವೈರು ಸರಿ. ಆದರೆ ತಪ್ಪು ಸ್ವಿಚ್ಚಿನದೋ ಒತ್ತಡದ್ದೋ ಎಂದು ಹೇಳಬಲ್ಲದ್ದು ಗೇಜ್ ಒಂದೇ.

ಸ್ವಿಚ್ ಬಿಚ್ಚಿ ಅದೇ ತೂತಿಗೆ ಹತ್ತು ಕಿಲೋವರೆಗಿನ ಗೇಜ್ ಕೂರಿಸಬೇಕು. ಮರೆ ಹೊಂದುವುದು ಮುಖ್ಯ. ಜಯನಗರ, ಜೆ.ಪಿ. ನಗರಗಳಲ್ಲಿರುವ ಮಕ್ಕಳ ಮನೆಗೆ ಹೋಗುವವರು ಹಳೆಯ ಸ್ವಿಚ್ಚನ್ನೇ ಕಾಗದದಲ್ಲಿ ಸುತ್ತಿ ಒಯ್ದು, ಕಲಾಸಿಪಾಳ್ಯ ಅಥವಾ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ತೋರಿಸಿ ತರಬಹುದು. ಹತ್ತು ಮನೆಗೆ ಒಂದು ಗೇಜ್ ಇದ್ದರೆ ಸಾಕು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಓದಬೇಕು. ತಣ್ಣಗಿದ್ದಾಗ ಆಯಿಲ್ ಮಂದವಾಗಿದ್ದು ಸವೆದ ಎಂಜಿನ್ ಕೂಡ ಒಳ್ಳೆಯ ಒತ್ತಡ ತೋರಿಸುತ್ತದೆ. ಹೆಚ್ಚಿನ ಸಣ್ಣ ಡೀಸೆಲ್ ಎಂಜಿನ್ನುಗಳಲ್ಲಿ ಕೆಲಸದ ವೇಗದಲ್ಲಿ ಮೂರು ನಾಲ್ಕು ಕಿಲೋ, ಐಡ್ಲಿಂಗಿನಲ್ಲಿ ಒಂದರ ಆಸುಪಾಸು ಇರುತ್ತದೆ. ನಿಮ್ಮ ಗಾಡಿಯ ಕೈಪಿಡಿಯ ಅಂಕಿಯೇ ಪ್ರಮಾಣ.

ಗೇಜಿನಲ್ಲೂ ಒತ್ತಡ ಕಡಿಮೆಯೆಂದು ಕಂಡರೆ ಕೈಪಿಡಿ ಹೇಳಿದ ದರ್ಜೆಯ ಆಯಿಲ್, ಹೊಸ ಫಿಲ್ಟರ್ ಹಾಕಿ ಮತ್ತೊಮ್ಮೆ ಅಳೆಯಿರಿ. ಆಮೇಲೆ ರಿಲೀಫ್ ವಾಲ್ವ್: ಒಂದು ಚೂರು ಕಸ ಸಿಕ್ಕಿಕೊಂಡು ವಾಲ್ವ್ ಪೂರ್ತಿ ಮುಚ್ಚದಿದ್ದರೂ ಒತ್ತಡ ಸೋರಿಹೋಗುತ್ತದೆ. ನಂತರ ಸಂಪ್ ಇಳಿಸಿ ಜಾಲರಿ ಕಟ್ಟಿದೆಯೇ, ಪಂಪು ಸವೆದಿದೆಯೇ ನೋಡಿಸುವುದು. ಬೇರಿಂಗಿನ ಸರದಿ ಕೊನೆಯದು. ಬೇರಿಂಗಿನ ಸಂದು ಎರಡರಷ್ಟಾದರೆ ಅದರ ಮೂಲಕ ಹರಿದುಹೋಗುವ ಆಯಿಲ್ ಎರಡರಷ್ಟಲ್ಲ, ಸುಮಾರು ಎಂಟರಷ್ಟಾಗುತ್ತದೆ. ಪಂಪು ಅಷ್ಟನ್ನು ತುಂಬಿಕೊಡಲಾರದು. ಕೆಳಗಿನಿಂದ ಬಡಿತದ ಸದ್ದೂ ಇದ್ದರೆ ಗ್ರೈಂಡಿಂಗಿಗೆ ಸಿದ್ಧರಾಗಬೇಕು. ದಪ್ಪ ಆಯಿಲ್ ಸುರಿದು ದೀಪ ಆರಿಸುವ ಉಪಾಯವನ್ನು ನಾವೂ ಒಮ್ಮೆ ಮಾಡಿದ್ದುಂಟು. ದೀಪ ಆರಿತು, ಸವೆತ ನಿಲ್ಲಲಿಲ್ಲ.

ಸಿಂಪಡಣೆಗೆ ಗಾಡಿ ನಿಲ್ಲಿಸುವವರು ದೀಪಕ್ಕೆ ಸಮಾನಾಂತರವಾಗಿ 12 ವೋಲ್ಟಿನ ಬಜರ್ ಒಂದನ್ನು ಹಾಕಿಸಿಕೊಳ್ಳಿ: ಒಂದು ವೈರು ಕೀ ತಿರುಗಿಸಿದಾಗ ಕರೆಂಟ್ ಬರುವ ತುದಿಗೆ, ಇನ್ನೊಂದು ಆಯಿಲ್ ಸ್ವಿಚ್ಚಿನ ವೈರಿಗೆ. ಪಂಪಿನ ಗದ್ದಲದಲ್ಲೂ ಕೇಳುವಷ್ಟು ಜೋರಿನದೇ ಬೇಕು. ಕೀ ತಿರುಗಿಸಿದಾಗ ಕೂಗಿ, ಎಂಜಿನ್ ಹೊರಟ ಕೆಲವು ಕ್ಷಣಗಳಲ್ಲಿ ಸುಮ್ಮನಾದರೆ ಜೋಡಣೆ ಸರಿಯಾಗಿದೆಯೆಂದು ತಿಳಿಯಬಹುದು.