ಎಳ್ಳುಕಾಳಿನಷ್ಟು ಜೀವಿ, ತಿಮಿಂಗಿಲಕ್ಕೆ ಊಟ

ಸಿಗಡಿ, ಏಡಿಗಳನ್ನು ಎಲ್ಲರೂ ಬಲ್ಲರು. ಆದರೆ ಅವುಗಳ ದಾಯಾದಿಗಳಾದ ಕೋಪೆಪಾಡ್ ಎಂಬ ಪುಟ್ಟ ಕಠಿಣಚರ್ಮಿಗಳ ಹೆಸರು ಕೇಳಿದವರು ವಿರಳ. ನಮ್ಮ ಕರಾವಳಿಯ ಬಂಗುಡೆ ಮೀನಿಗೂ ಕೋಪೆಪಾಡ್‌ಗಳೇ ಮುಖ್ಯ ಆಹಾರಗಳಲ್ಲೊಂದು.

ಇವುಗಳಲ್ಲಿ ಕೆಲನಿಡೇ ಎಂಬುದೊಂದು ಕುಟುಂಬ. ಉತ್ತರ ಅಟ್ಲಾಂಟಿಕ್‌ನ ತಣ್ಣೀರಿನಲ್ಲಿ ಈ ಕುಟುಂಬದ ಕೆಲನಸ್ ಫಿನ್‌ಮಾರ್ಕಿಕಸ್‌ನದೇ ಕಾರುಬಾರು. ನಾರ್ವೆಯ ಬಿಷಪ್ ಗುನ್ನೆರಸ್ 1770ರಲ್ಲಿ ಇದನ್ನು ವರ್ಣಿಸಿ ಹೆಸರಿಟ್ಟರು. ಇದರ ಉದ್ದ ಸುಮಾರು 3 ಮಿಲಿಮೀಟರ್, ಅಂದರೆ ಒಂದು ಎಳ್ಳುಕಾಳಿನಷ್ಟು!

ವಸಂತದಲ್ಲಿ ಬಿಸಿಲೇರಿದಂತೆ ಕಡಲಿನ ಮೇಲ್ಪದರದಲ್ಲಿ ಸೂಕ್ಷ್ಮ ಸಸ್ಯಪ್ಲವಕಗಳು ಹುಲುಸಾಗಿ ಬೆಳೆಯುತ್ತವೆ. ಕೆಲನಸ್‌ಗೆ ಅದೇ ಸುಗ್ಗಿ. ಅವನ್ನು ತಿಂದು, ಮೈಯೊಳಗಿನ ಚೀಲದಲ್ಲಿ ಮೇಣದಂಥ ಕೊಬ್ಬನ್ನು ಕೂಡಿಡುತ್ತದೆ. ಬಳಿಕ ನೂರಾರು ಮೀಟರ್, ಕೆಲವೆಡೆ ಸಾವಿರಕ್ಕೂ ಹೆಚ್ಚು ಮೀಟರ್ ಆಳಕ್ಕಿಳಿದು ಚಳಿಗಾಲವಿಡೀ ನಿದ್ರೆ. ಆಗ ಕೊಬ್ಬೇ ಬುತ್ತಿ. ಸಸ್ಯಪ್ಲವಕಗಳು ಹೀರಿದ್ದ ಇಂಗಾಲವೂ ಈ ಕೊಬ್ಬಿನೊಡನೆ ಆಳಕ್ಕೆ ಸಾಗುತ್ತದೆ. ಅಲ್ಲಿ ಉಸಿರಾಟದಿಂದ ಹೊರಬಿದ್ದ ಇಂಗಾಲದ ಡೈಆಕ್ಸೈಡ್ ಬಹುಕಾಲ ವಾತಾವರಣಕ್ಕೆ ಮರಳುವುದಿಲ್ಲ. ವಿಜ್ಞಾನಿಗಳು ಇದನ್ನು 'ಕೊಬ್ಬಿನ ಪಂಪು' ಎಂದು ಕರೆಯುತ್ತಾರೆ.

ಈ ಕೊಬ್ಬಿನ ಮೇಲೆ ಇತರರ ಕಣ್ಣೂ ಇದೆ. ಹೆರಿಂಗ್ ಮೀನು, ಕಾಡ್ ಮೀನಿನ ಮರಿಗಳು ಕೆಲನಸ್ ತಿಂದು ಬೆಳೆಯುತ್ತವೆ. ಸುಮಾರು 15 ಮೀಟರ್ ಉದ್ದದ ರೈಟ್ ತಿಮಿಂಗಿಲಕ್ಕೆ ದಿನಕ್ಕೆ ಒಂದು ಟನ್‌ಗೂ ಹೆಚ್ಚು ಆಹಾರ ಬೇಕು. ಅದರಲ್ಲಿ ಕೆಲನಸ್‌ನದೇ ಸಿಂಹಪಾಲು.

ಈಗ ಕಡಲು ಬಿಸಿಯಾಗುತ್ತಿದೆ. ಯೂರೋಪಿನ ಉತ್ತರ ಸಮುದ್ರದಲ್ಲಿ ಹಡಗುಗಳ ಹಿಂದೆ ಉಪಕರಣ ಎಳೆದೊಯ್ದು ಪ್ಲವಕಗಳ ಲೆಕ್ಕವಿಡುವ ಕೆಲಸ 1931ರಲ್ಲೇ ಆರಂಭವಾಯಿತು. ಆ ದಾಖಲೆಗಳ ಪ್ರಕಾರ, ತಂಪು ಬಯಸುವ ಈ ಕೆಲನಸ್ ಅಲ್ಲಿ ಕಡಿಮೆಯಾಗಿ, ಬೆಚ್ಚನೆಯ ನೀರಿನ ಇನ್ನೊಂದು ಕೆಲನಸ್ ಹೆಚ್ಚಿದೆ. ಇದು ಹೇರಳವಾಗುವುದು ವರ್ಷದ ಕೊನೆಯ ಭಾಗದಲ್ಲಿ. ಕಾಡ್ ಮರಿಗಳು ಹಸಿದಿರುವಾಗ ಬಡಿಸಲು ಊಟವಿಲ್ಲ!

ಅಟ್ಲಾಂಟಿಕ್‌ನ ಇನ್ನೊಂದು ದಡದಲ್ಲೂ ಇದೇ ಕಥೆ. 2010ರ ನಂತರ ಅಮೆರಿಕದ ಮೇನ್ ಕೊಲ್ಲಿಯಲ್ಲಿ ಕೆಲನಸ್ ವಿರಳವಾಯಿತು. ಆಹಾರ ಅರಸಿ ರೈಟ್ ತಿಮಿಂಗಿಲಗಳು ಕೆನಡಾದ ಸೇಂಟ್ ಲಾರೆನ್ಸ್ ಕೊಲ್ಲಿಗೆ ಹೋದವು. ಅಲ್ಲಿ ಹಡಗುಗಳ ಸಂಚಾರ, ಮೀನುಗಾರಿಕೆಯ ಹಗ್ಗಗಳ ಕಾಟ. 2017ರಲ್ಲಿ ಎರಡೂ ದೇಶಗಳಲ್ಲಿ ಒಟ್ಟು 17 ತಿಮಿಂಗಿಲಗಳು ಸತ್ತವು. ಅನಂತರ ಕೆನಡಾ ಹಡಗುಗಳ ವೇಗಕ್ಕೆ ಮಿತಿ ಹಾಕಿತು. ಈಗ ಉಳಿದಿರುವುದು 400ಕ್ಕೂ ಕಡಿಮೆ.

ಹಡಗನ್ನು ನಿಧಾನಗೊಳಿಸಲು ಆಜ್ಞೆ ಸಾಕು. ಆದರೆ ಕೆಲನಸ್‌ಗೆ ಬೇಕಾದ ತಣ್ಣೀರನ್ನು ಆಜ್ಞೆಯಿಂದ ತರಲಾಗದು. ತಿಮಿಂಗಿಲ ಉಳಿಯಬೇಕಾದರೆ ಎಳ್ಳುಕಾಳಿನಷ್ಟಿರುವ ಅದರ ಅನ್ನವೂ ಉಳಿಯಬೇಕು.