ಹಳೆಯ ಚಕ್, ಹೊಸ ಲೇತ್: ಸ್ಪಿಂಡಲ್ ಅಳತೆ ಬೇರೆಯಾದಾಗ ಏನು ಮಾಡಬೇಕು?



ಕೊಂಬೈ, ಕಂಬಂ, ಬೋಡಿ ಕಡೆ ಹಲಸು, ಬೇವು, ಹುಣಸೆ, ಸಿಲ್ವರ್ ಓಕ್ ಮರದ ತುಂಡುಗಳಿಗೆ ಬರವಿಲ್ಲ. ತಮಿಳಿನ ಕಡೈಸಲ್ ಮತ್ತು ನಮ್ಮ ಕಡೆಯುವುದು ಎರಡೂ ಒಂದೇ ಬೇರಿನ ಮಾತು. ಮನೆಯಲ್ಲೇ ಸಣ್ಣ ಲೇತ್ ಇಟ್ಟುಕೊಂಡು ಬಟ್ಟಲು, ಆಟಿಕೆ, ಮಂಚದ ಕಾಲು ಕಡೆಯುವವರಿಗೆ ಒಂದಲ್ಲ ಒಂದು ದಿನ ಎದುರಾಗುವ ತೊಡಕಿನ ಬಗ್ಗೆ ಈ ಬರಹ.

ಮೊದಲು ಸಣ್ಣ ಲೇತ್ ತಂದು, ಅದಕ್ಕೆ ನಾಲ್ಕು ದವಡೆಯ ಒಳ್ಳೆಯ ಚಕ್ ಕೊಂಡಿರುತ್ತೇವೆ. ಕೆಲವು ವರ್ಷ ಕಳೆದು ದೊಡ್ಡ ಲೇತ್ ಬಂದಾಗ ನೋಡಿದರೆ ಹಳೆಯ ಚಕ್ ಅದರ ಸ್ಪಿಂಡಲ್‌ಗೆ ಹತ್ತುವುದೇ ಇಲ್ಲ. ಚಕ್ಕಿಗೆ ಕೊಟ್ಟ ದುಡ್ಡು ಕಡಿಮೆಯದಲ್ಲ. ಹಾಗೆಂದು ಹೇಗಾದರೂ ಸಿಕ್ಕಿಸಿ ಓಡಿಸುವುದೂ ಸರಿಯಲ್ಲ. 300 ಮಿ.ಮೀ. ಅಗಲದ ಬಟ್ಟಲು ನಿಮಿಷಕ್ಕೆ 1000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ 56 ಕಿ.ಮೀ. ಮುಟ್ಟುತ್ತದೆ. ಆ ವೇಗದಲ್ಲಿ ಹಿಡಿತ ತಪ್ಪಿದರೆ ಮರದ ತುಂಡು ಬರುವುದು ನಮ್ಮ ಮುಖದ ಕಡೆಗೇ.

ಮೊದಲು ಅಳತೆ

ಸ್ಪಿಂಡಲ್ ಮೂತಿಯಲ್ಲಿ ಎರಡು ಅಳತೆ ಮುಖ್ಯ: ಹೊರವ್ಯಾಸ ಮತ್ತು ಥ್ರೆಡ್ಡಿನ ಪಿಚ್, ಅಂದರೆ ಒಂದು ಏಣಿನಿಂದ ಮುಂದಿನ ಏಣಿಗೆ ಇರುವ ದೂರ. ನಮ್ಮ ಕಡೆಯ ಲೇತ್ ಅಂಗಡಿಗಳಲ್ಲಿ ಥ್ರೆಡ್ಡಿಗೆ ‘ಮರೈ’ ಎಂದರೆ ತಕ್ಷಣ ತಿಳಿಯುತ್ತದೆ.

ಮರದ ಲೇತ್‌ಗಳಲ್ಲಿ ಹೆಚ್ಚಾಗಿ ಕಾಣುವ ಅಳತೆಗಳು ಇವು:

- ಮುಕ್ಕಾಲು ಇಂಚು, ಇಂಚಿಗೆ 16 ಥ್ರೆಡ್. ವ್ಯಾಸ 19.05 ಮಿ.ಮೀ., ಸಣ್ಣ ಲೇತ್‌ಗಳಲ್ಲಿ.
- 1 ಇಂಚು, ಇಂಚಿಗೆ 8 ಥ್ರೆಡ್. ವ್ಯಾಸ 25.4 ಮಿ.ಮೀ., ಪಿಚ್ 3.175 ಮಿ.ಮೀ.
- ಎಂ 30, ಪಿಚ್ 3.5 ಮಿ.ಮೀ.
- ಒಂದೂಕಾಲು ಇಂಚು, ಇಂಚಿಗೆ 8 ಥ್ರೆಡ್. ವ್ಯಾಸ 31.75 ಮಿ.ಮೀ.
- ಎಂ 33, ಪಿಚ್ 3.5 ಮಿ.ಮೀ.

ವರ್ನಿಯರ್‌ನಲ್ಲಿ ಹೊರವ್ಯಾಸ ಹೇಳಿದ ಅಳತೆಗಿಂತ ಒಂದೆರಡು ಕೂದಲೆಳೆ ಕಡಿಮೆ ಬರುವುದು ಸಹಜ. ಪಿಚ್ ಅಳೆಯಲು ಒಂದೇ ಎಡೆಯನ್ನು ನೋಡಬೇಡಿ, ಐದು ಎಡೆ ಸೇರಿಸಿ ಅಳೆಯಿರಿ. ಇಂಚಿಗೆ 8 ಇದ್ದರೆ ಸುಮಾರು 15.9 ಮಿ.ಮೀ., ಪಿಚ್ 3.5 ಇದ್ದರೆ 17.5 ಮಿ.ಮೀ. ಬರುತ್ತದೆ. ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಒಂದೂಕಾಲು ಇಂಚಿನ ಸ್ಪಿಂಡಲ್‌ಗೆ ಎಂ 33 ಚಕ್ ಹಾಕಿದರೆ ಒಂದೆರಡು ಸುತ್ತು ಹತ್ತಿದಂತೆ ಅನ್ನಿಸಬಹುದು. ಅದು ಹತ್ತಿದ್ದಲ್ಲ, ಸಡಿಲವಾಗಿ ಸಿಕ್ಕಿಕೊಂಡಿದ್ದು.

ಇನ್ನೊಂದು ಸೂಕ್ಷ್ಮವಿದೆ. 1 ಇಂಚಿನ ಹಳೆಯ ವಿಟ್‌ವರ್ತ್ ಥ್ರೆಡ್ಡಿಗೂ ಇಂಚಿಗೆ 8 ಏಣು, ಆದರೆ ಏಣಿನ ಕೋನ 55 ಡಿಗ್ರಿ. ಈಗಿನ ಲೇತ್‌ಗಳದು 60 ಡಿಗ್ರಿ. ಎರಡನ್ನೂ ಸೇರಿಸಿದರೆ ತಿರುಗೀತು, ಆದರೆ ಏಣುಗಳು ಪೂರ್ತಿ ಒಂದಕ್ಕೊಂದು ಕೂರುವುದಿಲ್ಲ. ಹಳೆಯ ಯಂತ್ರ ಕೊಂಡವರು ಇದನ್ನು ಪಿಚ್ ಗೇಜಿನಿಂದ ನೋಡಿಸಿಕೊಳ್ಳಿ.

ಚಕ್ಕನ್ನು ನೇರ ನಿಲ್ಲಿಸುವುದು ಹೆಗಲು

ಥ್ರೆಡ್ ಇರುವುದು ಚಕ್ಕನ್ನು ಎಳೆದು ಹಿಡಿಯಲು. ಅದನ್ನು ನೇರವಾಗಿ ನಿಲ್ಲಿಸುವುದು ಥ್ರೆಡ್ಡಿನ ಹಿಂದಿರುವ ಚಪ್ಪಟೆ ಮೆಟ್ಟಿಲು. ಅದನ್ನು ಸ್ಪಿಂಡಲ್ಲಿನ ಹೆಗಲು ಅನ್ನೋಣ. ಚಕ್ಕಿನ ಬೆನ್ನು ಈ ಹೆಗಲಿಗೆ ಸುತ್ತಲೂ ಒತ್ತಿ ಕೂರಬೇಕು. ಥ್ರೆಡ್ ಮುಗಿದು ಚಕ್ ನಿಂತಿತು, ಹೆಗಲಿಗೆ ಮಾತ್ರ ತಾಗಲಿಲ್ಲ ಎಂದರೆ ಆ ಜೋಡಣೆ ಬಳಸಲು ಯೋಗ್ಯವಲ್ಲ. ಮುಂದೆ ಹೇಳುವ ಯಾವ ದಾರಿ ಹಿಡಿದರೂ ಈ ಪರೀಕ್ಷೆ ತಪ್ಪಿಸಬೇಡಿ.

ದಾರಿ ಒಂದು: ಒಳತುಂಡು ಬದಲಿಸುವುದು

ನೋವಾ, ವಿಕ್‌ಮಾರ್ಕ್‌ನಂಥ ಕಂಪನಿಗಳ ಹಲವು ಚಕ್ಕುಗಳಲ್ಲಿ ಸ್ಪಿಂಡಲ್‌ಗೆ ಹತ್ತುವ ಭಾಗ ಬೇರೆಯೇ ತುಂಡಾಗಿರುತ್ತದೆ. ಇದನ್ನು ಇನ್‌ಸರ್ಟ್ ಎನ್ನುತ್ತಾರೆ. ಚಕ್ಕನ್ನು ಉಳಿಸಿಕೊಂಡು, ಹೊಸ ಲೇತ್‌ನ ಅಳತೆಯ ಇನ್‌ಸರ್ಟ್ ಮಾತ್ರ ಕೊಂಡು ಹಾಕಿದರೆ ಕೆಲಸ ಮುಗಿಯಿತು. ಚಕ್ ಹೆಡ್‌ಸ್ಟಾಕಿನಿಂದ ದೂರ ಹೋಗುವುದಿಲ್ಲ, ನಡುವೆ ಹೆಚ್ಚಿನ ಜೋಡಣೆಯೂ ಇಲ್ಲ. ನಿಮ್ಮ ಚಕ್ಕಿನ ಬೆನ್ನು ತಿರುಗಿಸಿ ನೋಡಿ. ನಡುವಿನ ತುಂಡು ಬೇರೆಯಾಗಿ ಕೂತಿರುವ ಗೆರೆ ಕಂಡರೆ ಈ ದಾರಿಯೇ ಎಲ್ಲಕ್ಕಿಂತ ಉತ್ತಮ.

ದಾರಿ ಎರಡು: ಅಡಾಪ್ಟರ್

ಚಕ್ಕಿನ ಬಾಯಿ ದೊಡ್ಡದು, ಸ್ಪಿಂಡಲ್ ಸಣ್ಣದು ಎಂದಾದರೆ ಒಳಗೂ ಹೊರಗೂ ಥ್ರೆಡ್ ಇರುವ ಬುಶ್ ನಡುವೆ ಬರುತ್ತದೆ. 1 ಇಂಚಿನ ಸ್ಪಿಂಡಲ್‌ಗೆ ಎಂ 33 ಚಕ್ ಕೂರಿಸುವ ಬುಶ್‌ನಲ್ಲಿ ಎರಡು ಥ್ರೆಡ್‌ಗಳ ನಡುವೆ ಉಳಿಯುವ ಲೋಹ ಸುಮಾರು ಒಂದೂವರೆ ಮಿ.ಮೀ. ಅಷ್ಟೇ. ಆದ್ದರಿಂದ ಅದು ಉಕ್ಕಿನದೇ ಆಗಿರಬೇಕು, ಅಲ್ಯೂಮಿನಿಯಂ ಬೇಡ. ಅಂಗಡಿಯಲ್ಲಿ ಇಎನ್ 8 ಉಕ್ಕು ಎಂದು ಕೇಳಿ.

ಚಕ್ಕಿನ ಬಾಯಿ ಸಣ್ಣದು, ಸ್ಪಿಂಡಲ್ ದೊಡ್ಡದು ಎಂದಾದರೆ ಕಷ್ಟ ಹೆಚ್ಚು. ಅಡಾಪ್ಟರ್ ಸ್ಪಿಂಡಲ್ ಮೂತಿಯ ಆಚೆಗೆ ಬೆಳೆಯುತ್ತದೆ, ಚಕ್ ಅಷ್ಟು ಮುಂದೆ ಹೋಗುತ್ತದೆ. ಬೇರಿಂಗಿನಿಂದ ದೂರವಾದಷ್ಟೂ ನಡುಕ ಹೆಚ್ಚು. ಸಣ್ಣ ಕೆಲಸಕ್ಕೆ ಅಡ್ಡಿಯಿಲ್ಲ, ದೊಡ್ಡ ಬಟ್ಟಲಿಗೆ ಅಲ್ಲ.

ಎರಡೂ ಬಗೆಯಲ್ಲಿ ಒಂದರ ಬದಲು ಎರಡು ಜೋಡಣೆ ಇರುತ್ತವೆ. ಮರಳು ಕಾಗದ ಹಚ್ಚಲು ಲೇತ್ ಹಿಂದಕ್ಕೆ ತಿರುಗಿಸುವವರು ಜಾಗ್ರತೆ: ಬಿಗಿ ಸ್ಕ್ರೂ ಇಲ್ಲದಿದ್ದರೆ ಯಾವುದಾದರೊಂದು ಬಿಚ್ಚಿಕೊಳ್ಳಬಹುದು. ಸ್ಕ್ರೂ ತುದಿಗೆ ಹಿತ್ತಾಳೆಯ ಸಣ್ಣ ಚೂರು ಇಟ್ಟರೆ ಸ್ಪಿಂಡಲ್ ಥ್ರೆಡ್ ಕೆಡುವುದಿಲ್ಲ.

ದಾರಿ ಮೂರು: ಚಕ್ಕಿನ ಬಾಯಿ ದೊಡ್ಡದು ಮಾಡಿಸುವುದು

ಚಕ್ಕಿನ ನಡುವಿನಲ್ಲಿ ಲೋಹ ಸಾಕಷ್ಟಿದ್ದರೆ ಕೊರೆದು ಹೊಸ ಥ್ರೆಡ್ ಹಾಕಿಸಬಹುದು. ಒಮ್ಮೆ ಮಾಡಿಸಿದರೆ ಹಿಂದಕ್ಕೆ ಬರಲಾಗದು, ಹಳೆಯ ಲೇತ್‌ಗೂ ಆ ಚಕ್ ಆಗದು. ಹಳೆಯ ಲೇತ್ ಮಾರಿದ್ದರೆ ಮಾತ್ರ ಯೋಚಿಸಿ.

ಡ್ರಿಲ್ ಚಕ್ಕಿನಂತೆ ಮೋರ್ಸ್ ಟೇಪರ್ ಬಾಲದ ಮೇಲೆ ಚಕ್ ಕೂರಿಸಿ ಬಟ್ಟಲು ಕಡೆಯುವುದು ಬೇಡ. ಪಕ್ಕದ ಒತ್ತಡಕ್ಕೆ ಟೇಪರ್ ಸಡಿಲವಾಗುತ್ತದೆ.

ಟರ್ನರ್ ಬಳಿ ಹೋಗುವಾಗ

ತೇನಿ, ದಿಂಡುಗಲ್‌ನಂಥ ಊರುಗಳಲ್ಲಿ ಲೋಹದ ಲೇತ್ ಕೆಲಸ ಮಾಡುವವರು ಸಿಗುತ್ತಾರೆ. ಬರೀ ಕಾಗದದ ಅಳತೆ ಒಯ್ದರೆ ಸಾಲದು. ಹೆಡ್‌ಸ್ಟಾಕ್ ಬಿಚ್ಚಿ ಒಯ್ಯಲು ಆಗದಿದ್ದರೆ, ಹೊಸ ಲೇತ್ ಜೊತೆ ಬಂದ ಫೇಸ್‌ಪ್ಲೇಟ್ ಮತ್ತು ನಿಮ್ಮ ಚಕ್ ಎರಡನ್ನೂ ಒಯ್ಯಿರಿ. ಫೇಸ್‌ಪ್ಲೇಟಿಗೆ ಸರಿಯಾಗಿ ಹತ್ತುವಂತೆ ಟರ್ನರ್ ಮೊದಲು ಸ್ಪಿಂಡಲ್ ಮೂತಿಯ ನಕಲನ್ನು, ಹೆಗಲು ಸಮೇತ, ಕಡೆಯಲಿ. ಅಡಾಪ್ಟರಿನ ಒಳಗಿನ ಥ್ರೆಡ್ ಮತ್ತು ಬೆನ್ನಿನ ಮುಖವನ್ನು ಒಂದೇ ಹಿಡಿತದಲ್ಲಿ ಮುಗಿಸಲಿ. ಆಮೇಲೆ ನಕಲನ್ನು ಯಂತ್ರದಿಂದ ಕದಲಿಸದೆ ಅದರ ಮೇಲೇ ಅಡಾಪ್ಟರ್ ಕೂರಿಸಿ ಹೊರಗಿನ ಥ್ರೆಡ್ ಹಾಕಲಿ. ಹೀಗೆ ಮಾಡಿದರೆ ಒಳಗಿನದೂ ಹೊರಗಿನದೂ ಒಂದೇ ನಡುವನ್ನು ಹಂಚಿಕೊಳ್ಳುತ್ತವೆ. ಬಿಚ್ಚಲು ಸ್ಪ್ಯಾನರ್ ಹಿಡಿಯುವ ಎರಡು ಚಪ್ಪಟೆ ಬದಿಗಳನ್ನೂ ಕೇಳಿ ಮಾಡಿಸಿಕೊಳ್ಳಿ.

ಮೊದಲ ಓಟ

ಥ್ರೆಡ್ ಒರೆಸಿ, ಒಂದು ಹನಿ ಎಣ್ಣೆ ಹಾಕಿ, ಕೈಯಿಂದಲೇ ತಿರುಗಿಸಿ ಕೂರಿಸಿ. ಹೆಗಲಿನ ಬಳಿ ತೆಳುವಾದ ಕಾಗದ ತೂರಿಸಲು ನೋಡಿ, ಎಲ್ಲೂ ತೂರಬಾರದು. ಕೈಯಿಂದ ಸುತ್ತಿಸುತ್ತಾ ಡಯಲ್ ಗೇಜಿನಲ್ಲಿ ಚಕ್ಕಿನ ಮೈ ನೋಡಿ; ಓಲಾಟ 0.1 ಮಿ.ಮೀ. ಒಳಗಿದ್ದರೆ ಮರದ ಕೆಲಸಕ್ಕೆ ಸಾಕು. ಆಮೇಲೆ ಮುಖಕ್ಕೆ ಗುರಾಣಿ ಹಾಕಿಕೊಂಡು, ಪಕ್ಕಕ್ಕೆ ನಿಂತು, ಲೇತಿನ ಅತಿ ಕಡಿಮೆ ವೇಗದಲ್ಲಿ ಬರಿಯ ಚಕ್ ಓಡಿಸಿ. ನಡುಕವಿಲ್ಲದಿದ್ದರೆ ಸಣ್ಣ ತುಂಡು ಹಿಡಿದು ನೋಡಿ.

ಚಕ್ ಇಲ್ಲದೆಯೂ ಕೆಲಸ ನಿಲ್ಲದು

ಬೆಂಗಳೂರು–ಮೈಸೂರು ದಾರಿಯ ಚನ್ನಪಟ್ಟಣದ ಆಟಿಕೆಗಳನ್ನು ಹಾಲೆ ಮರದಲ್ಲಿ ಕಡೆಯುತ್ತಾರೆ. ತಮಿಳಿನವರು ಅದನ್ನೇ ವೆಟ್ಪಾಲೈ ಎನ್ನುತ್ತಾರೆ. ಅಲ್ಲಿನ ಕುಶಲಕರ್ಮಿಗಳು ಮರದ ತುಂಡನ್ನು ಬಟ್ಟಲಿನಂಥ ಹಿಡಿತಕ್ಕೆ ಸುತ್ತಿಗೆಯಿಂದ ಬಡಿದು ಕೂರಿಸಿ, ಕಡೆದು, ತಿರುಗುವಾಗಲೇ ಅರಗಿನ ಬಣ್ಣ ಒತ್ತುತ್ತಾರೆ. ನೀವೂ ಹೊಸ ಲೇತ್‌ನ ಫೇಸ್‌ಪ್ಲೇಟಿಗೆ ಗಟ್ಟಿ ಮರದ ತುಂಡು ಸ್ಕ್ರೂ ಹಾಕಿ, ಅದರಲ್ಲೇ ಇಳಿಜಾರು ಗುಂಡಿ ಕಡೆದರೆ ಬುಗುರಿ, ಗಿಲಕಿಯಂಥ ಸಣ್ಣ ಕೆಲಸಕ್ಕೆ ಹಿಡಿತ ಸಿದ್ಧ. ಇನ್‌ಸರ್ಟ್ ಅಥವಾ ಅಡಾಪ್ಟರ್ ಬರುವ ತನಕ ಲೇತ್ ಸುಮ್ಮನೆ ಕೂರಬೇಕಾಗಿಲ್ಲ.

ಚಕ್ ಅಥವಾ ಅಡಾಪ್ಟರ್ ಕೊಳ್ಳುವ ಮೊದಲು ಸ್ಪಿಂಡಲ್ ವ್ಯಾಸ, ಐದು ಎಡೆಗಳ ಅಳತೆ, ಹೆಗಲಿನಿಂದ ತುದಿವರೆಗಿನ ಉದ್ದ, ಚಕ್ಕಿನ ಬಾಯಿಯ ಆಳ, ಈ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದು ಲೇತಿನ ಮೇಲೆಯೇ ಅಂಟಿಸಿಡಿ. ಹೊಸೂರಿನ ಬಂಧುಗಳಿಗೂ ಕೊಂಬೈಯ ಬಂಧುಗಳಿಗೂ ಅಳತೆ ಒಂದೇ ಆದರೆ, ಒಬ್ಬರು ಮಾಡಿಸಿದ ಅಡಾಪ್ಟರ್ ನೋಡಿ ಇನ್ನೊಬ್ಬರು ಮಾಡಿಸಿಕೊಳ್ಳಬಹುದು.