ಹರೆಯವನ್ನು ತಡೆಹಿಡಿಯುವ ಮದ್ದು

ಹುಟ್ಟಿದಾಗ ದೇಹವನ್ನು ನೋಡಿ ಗೊತ್ತುಪಡಿಸಿದ ಲಿಂಗಕ್ಕೂ ತಾವು ಅಂತರಂಗದಲ್ಲಿ ಕಂಡುಕೊಂಡ ಸ್ವರೂಪಕ್ಕೂ ಹೊಂದಿಕೆ ಕಾಣದವರು, ಹೆಸರು, ಉಡುಗೆ, ಹಾರ್ಮೋನು, ಶಸ್ತ್ರಚಿಕಿತ್ಸೆಗಳಲ್ಲಿ ಕೆಲವನ್ನೋ ಎಲ್ಲವನ್ನೋ ಅವಲಂಬಿಸಿ ಬಾಳನ್ನು ಆ ಅರಿವಿಗೆ ಅನುಗುಣವಾಗಿ ಮಾರ್ಪಡಿಸಿಕೊಳ್ಳುವುದೇ ಲಿಂಗಪರಿವರ್ತನೆ. ತನ್ನ ಲಿಂಗವನ್ನು ತಾನೇ ನಿರ್ಣಯಿಸಿಕೊಳ್ಳುವ ಹಕ್ಕನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಮಾನ್ಯ ಮಾಡಿತು. ಒಪ್ಪದವರು ಇಂದಿಗೂ ಇದ್ದಾರೆ. ವೈದ್ಯರೇ ಎರಡು ಪಕ್ಷವಾಗಿರುವುದಾದರೋ ಎಳೆಯರ ವಿಷಯದಲ್ಲಿ, ಅವರಿಗೆ ಹರೆಯವನ್ನು ತಡೆಹಿಡಿಯುವ ಮದ್ದನ್ನು ಕೊಡಬೇಕೇ ಎಂಬುದರಲ್ಲಿ. ವಯಸ್ಕರ ಸಮ್ಮತಿಗೆ ಒಪ್ಪುವ ವಾದವನ್ನು ಎಳೆಯರಿಗೂ, ಎಳೆಯರ ಬಗೆಗಿನ ಶಂಕೆಯನ್ನು ವಯಸ್ಕರಿಗೂ ಅನ್ವಯಿಸುವುದರಿಂದಲೇ ಅರ್ಧ ಕಲಹ ಹುಟ್ಟುತ್ತದೆ.

ಹೈಪೋಥಲಮಸ್ ಎಂಬ ಮಿದುಳಿನ ಭಾಗವು ಜಿ.ಎನ್.ಆರ್.ಎಚ್. ಎಂಬ ಹಾರ್ಮೋನನ್ನು ಬಿಟ್ಟು ಬಿಟ್ಟು, ಮಿಡಿತದಂತೆ, ಸ್ರವಿಸತೊಡಗಿದಾಗ ಪಿಟ್ಯುಟರಿ ಗ್ರಂಥಿ ಎಚ್ಚೆತ್ತು ಅಂಡಾಶಯಕ್ಕೋ ವೃಷಣಕ್ಕೋ ಸಂದೇಶವನ್ನಟ್ಟುತ್ತದೆ, ಹರೆಯ ಮೊದಲಾಗುತ್ತದೆ. ಇದನ್ನು ತಡೆಯಲು ಹೆಚ್ಚಾಗಿ ಬಳಸುವ ಮದ್ದು ಆ ಹಾರ್ಮೋನಿನ ವೈರಿಯೆಂದು ಬಹುಮಂದಿ ಭಾವಿಸುತ್ತಾರೆ. ವಸ್ತುತಃ ಅದು ಅದರದೇ ಪ್ರತಿರೂಪ! ಆಗಾಗ ಕದ ತಟ್ಟಿದರೆ ಎದ್ದುಬರುವ ಮನೆಯವರು ಎಡೆಬಿಡದ ಬಡಿತಕ್ಕೆ ಕಿವಿಗೊಡದಾಗುವಂತೆ, ಸತತವಾದ ಪ್ರಚೋದನೆಗೆ ಒಳಗಾದ ಪಿಟ್ಯುಟರಿ ಮೊದಲು ತುಸು ಕೆರಳಿ, ಬಳಿಕ ಮೌನ ತಾಳುತ್ತದೆ. ಅರ್ನ್ಸ್ಟ್ ಕ್ನೋಬಿಲ್ ಮತ್ತು ಸಂಗಡಿಗರು 1978ರಲ್ಲಿ ಕೋತಿಗಳ ಮೇಲೆ ಪ್ರಯೋಗ ನಡೆಸಿ, ಅದೇ ಹಾರ್ಮೋನು ಗಂಟೆಗೊಮ್ಮೆ ಮಿಡಿದರೆ ಚೇತನವನ್ನೂ ನಿರಂತರವಾಗಿ ಹರಿದರೆ ಸ್ತಬ್ಧತೆಯನ್ನೂ ತರುವುದೆಂದು ತೋರಿಸಿದರು. ಶರೀರಶಾಸ್ತ್ರದಲ್ಲಿ ಇದಕ್ಕಿಂತ ಸುಂದರವಾದ ಪ್ರಯೋಗಗಳು ವಿರಳ.

ಅಕಾಲದಲ್ಲಿ ಹರೆಯ ಬಂದ ಪುಟ್ಟ ಮಕ್ಕಳಿಗೆ ಈ ಮದ್ದನ್ನು ಕೊಡುವುದು ಹಳೆಯ ರೂಢಿ. ನಿಲ್ಲಿಸಿದರೆ ಗ್ರಂಥಿ ಮರಳಿ ಎಚ್ಚರಗೊಳ್ಳುತ್ತದೆ. ಆದುದರಿಂದ ಪರಿಣಾಮ ತಾತ್ಕಾಲಿಕವೆಂಬ ಮಾತು ಬಂತು. ಸಾಮಾನ್ಯರು ಎಡವುವುದು ಇಲ್ಲಿಯೇ. ಅಲ್ಲಿ ಮದ್ದು ಮಗುವನ್ನು ಓರಗೆಯವರ ಕಾಲಕ್ಕೆ ಹೊಂದಿಸಿದರೆ, ಲಿಂಗಪರಿವರ್ತನೆಯ ಹಾದಿಯಲ್ಲಿರುವ ಎಳೆಯರಲ್ಲಿ, ಓರಗೆಯವರು ಮುನ್ನಡೆಯುತ್ತಿರುವಾಗ ಹರೆಯವನ್ನು ನಿಲ್ಲಿಸುತ್ತದೆ. ಗ್ರಂಥಿಯ ಮೌನ ಮುರಿಯಬಹುದಾದರೂ ಮೂಳೆ ಗಟ್ಟಿಯಾಗಬೇಕಿದ್ದ ವರ್ಷಗಳ ಲೆಕ್ಕ ಬೇರೆ. ಹಾಗೆಂದು ಕಾಯುವುದೂ ನಿರಪಾಯವಲ್ಲ: ಒಡೆದ ದನಿ, ಬೆಳೆದ ಸ್ತನ ಮರಳಿ ಮೊದಲಿನಂತಾಗವು, ಆ ಬದಲಾವಣೆಯನ್ನು ಕಾಣುತ್ತ ಮಗು ಪಡುವ ಸಂಕಟವೂ ಸಣ್ಣದಲ್ಲ.

ಲಂಡನ್ನಿನ ಟ್ಯಾವಿಸ್ಟಾಕ್ ಚಿಕಿತ್ಸಾಲಯವು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಮದ್ದನ್ನು ಪಡೆದ 44 ಮಕ್ಕಳಲ್ಲಿ 43 ಮಂದಿ ಮುಂದೆ ಲಿಂಗಪರಿವರ್ತನೆಯ ಹಾರ್ಮೋನುಗಳಿಗೆ ತೊಡಗಿದರು. ಆಯ್ಕೆ ಸರಿಯಾಗಿತ್ತೆಂಬುದಕ್ಕೆ ಇದು ಸಾಕ್ಷಿಯೆಂದು ಒಂದು ಪಕ್ಷ. ಯೋಚಿಸಲು ಬಿಡುವು ಕೊಡಬೇಕಿದ್ದ ಮದ್ದೇ ದಾರಿಯನ್ನು ನಿಶ್ಚಯಿಸಿಬಿಟ್ಟಿತೆಂದು ಇನ್ನೊಂದು ಪಕ್ಷ. ಹೋಲಿಸಿ ನೋಡಲು ಮದ್ದು ಪಡೆಯದ ಗುಂಪಿಲ್ಲದಿದ್ದುದರಿಂದ ಎರಡರಲ್ಲಿ ಯಾವುದನ್ನೂ ಅದು ನಿರ್ಣಯಿಸದು. ಅಮೆರಿಕದ ಎಂಡೋಕ್ರೈನ್ ಸೊಸೈಟಿ 2017ರ ಮಾರ್ಗಸೂಚಿಯಲ್ಲಿ ಆಯ್ದ ಮಕ್ಕಳಿಗೆ ಈ ಚಿಕಿತ್ಸೆಯನ್ನು ಸೂಚಿಸಿದರೆ, ಇಂಗ್ಲೆಂಡಿನಲ್ಲಿ ಮಕ್ಕಳ ವೈದ್ಯೆ ಹಿಲರಿ ಕ್ಯಾಸ್ ಅವರ 2024ರ ವರದಿ ಆಧಾರಗಳು ದುರ್ಬಲವೆಂದಿತು.

ಆಧಾರ ದುರ್ಬಲವೆಂದರೆ ಹಾನಿ ಸಿದ್ಧವಾಯಿತೆಂದಲ್ಲ, ಹಿತ ಸಿದ್ಧವಾಯಿತೆಂದೂ ಅಲ್ಲ. ಈ ಭೇದವನ್ನು ಮರೆತ ವಾದಗಳೇ ಎರಡು ಕಡೆಯಲ್ಲಿಯೂ ಹೆಚ್ಚು. ಓದುಗರು ಪಕ್ಷ ವಹಿಸುವ ಮುನ್ನ ಕ್ಯಾಸ್ ವರದಿಯನ್ನೂ ಅದರ ವಿಮರ್ಶಕರ ಆಕ್ಷೇಪಗಳನ್ನೂ ಮೂಲದಲ್ಲಿಯೇ, ತಾಳ್ಮೆಯಿಂದ ಓದಬೇಕೆಂದು ನನ್ನ ವಿನಂತಿ.